ರೇಡಾರ್ ಕಣ್ಣಿಗೆ ಮಣ್ಣೆರಚಬಹುದೇ?



ಲ್ಯಾಮಿಂಗ್ಟನ್ ರೋಡಿನಲ್ಲೋ ರಿಚಿ ಸ್ಟ್ರೀಟಿನಲ್ಲೋ ಬಿಡಿಭಾಗ ತಂದು, ಬೆಸುಗೆ ಹಾಕಿ ರೇಡಿಯೋ ಕಟ್ಟಿದವರು ನಿಮ್ಮಲ್ಲೂ ಇರಬಹುದು. ಅದೇ ಕೈಚಳಕದಲ್ಲಿ ಪೊಲೀಸರ ಸ್ಪೀಡ್ ಗನ್ನಿಗೂ ಒಂದು ಮದ್ದು ಅರೆದರಾಯಿತು ಎನ್ನುವವರಿದ್ದಾರೆ. ಅರೆಯುವ ಮೊದಲು ಆ ಗನ್ ಏನು ಮಾಡುತ್ತದೆಂದು ತಿಳಿದಿರಲಿ.

ಸೀಟಿ ಹಾಕುತ್ತಾ ಬರುವ ರೈಲಿನ ಸ್ವರ, ನಿಮ್ಮನ್ನು ದಾಟಿದೊಡನೆ ಇಳಿದುಬಿಡುತ್ತದಲ್ಲ? 1842ರಲ್ಲಿ ಡಾಪ್ಲರ್ ವಿವರಿಸಿದ ಈ ಗುಣವೇ ರೇಡಾರಿಗೂ ಆಧಾರ. 24.15 ಗಿಗಾಹರ್ಟ್ಸ್‌ನ ಗನ್ ಬಿಟ್ಟ ಅಲೆ, ಎದುರಿಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರಿಗೆ ತಗುಲಿ ಮರಳುವಾಗ ಸುಮಾರು 4,470 ಹರ್ಟ್ಸ್ ಹೆಚ್ಚಾಗಿರುತ್ತದೆ. ಆ ವ್ಯತ್ಯಾಸವನ್ನು ಸ್ಪೀಕರಿಗೆ ಕೊಟ್ಟರೆ ಕಿವಿಗೇ ಕೇಳುವ ಶಿಳ್ಳೆ! ಗನ್ ಅದನ್ನು ಲೆಕ್ಕಹಾಕಿ ವೇಗ ತೋರಿಸುತ್ತದೆ, ಅಷ್ಟೇ.

ಕನ್ನಡಿಗೆ ಹಳೆಯ ಸಿ.ಡಿ. ನೇತುಹಾಕುವುದು, ಚಕ್ರದ ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ ತುರುಕುವುದು ಬರೀ ನಂಬಿಕೆ. ಇಡೀ ಕಾರೇ ಲೋಹದ ಗೋಡೆಯಂತೆ ಅಲೆಯನ್ನು ಮರಳಿಸುತ್ತಿರುವಾಗ ಒಂದು ಬಿಲ್ಲೆಯಿಂದ ಏನಾದೀತು? ಹೊರದೇಶಗಳಲ್ಲಿ ಕೆಲವು ಹವ್ಯಾಸಿಗಳು ಒಂದು ಹೆಜ್ಜೆ ಮುಂದೆ ಹೋಗಿ, ತಾವೇ ಮೈಕ್ರೋವೇವ್ ಹೊಮ್ಮಿಸಿ ಅದರ ಮೇಲೆ ಸುಳ್ಳು ಶಿಳ್ಳೆ ಕೂರಿಸಲು ನೋಡಿದರು. ತತ್ವ ಸರಿಯೇ. ಆದರೆ ರೇಡಾರ್‌ಗಳು ಎಕ್ಸ್, ಕೆ, ಕೆಎ ಎಂಬ ಬೇರೆ ಬೇರೆ ಬ್ಯಾಂಡ್‌ಗಳಲ್ಲಿವೆ. ಕೆಎ ಬ್ಯಾಂಡೊಂದೇ 33.4ರಿಂದ 36 ಗಿಗಾಹರ್ಟ್ಸ್‌ವರೆಗೆ ಹರಡಿದೆ. ಸ್ಟೇಷನ್ ಎಲ್ಲಿದೆಯೆಂದು ಗೊತ್ತಿಲ್ಲದೆ ಟ್ಯೂನ್ ಮಾಡಿದ ಹಾಗೆ! ಮೇಲಾಗಿ, ಗೊಂದಲದ ಸಂಕೇತ ಬಂದರೆ ಹೊಸ ಗನ್‌ಗಳು ವೇಗ ತೋರಿಸದೆ ಎಚ್ಚರಿಸಬಲ್ಲವು. ಪೊಲೀಸರ ಗಮನ ನಿಮ್ಮ ಕಾರಿನ ಮೇಲೆಯೇ ಬಿತ್ತು ನೋಡಿ.

ಲೇಸರ್ ಗನ್ ರೀತಿಯೇ ಬೇರೆ. ಅದು ಕಣ್ಣಿಗೆ ಕಾಣದ ಬೆಳಕಿನ ಮಿಡಿತಗಳನ್ನು ಬಿಟ್ಟು, ಅವು ಮರಳಲು ಹಿಡಿದ ಸಮಯದಿಂದ ದೂರ ಅಳೆಯುತ್ತದೆ. ಆ ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದೇ ವೇಗ. ರೇಡಾರಿಗೆಂದು ಕಟ್ಟಿದ ಪೆಟ್ಟಿಗೆ ಇಲ್ಲಿ ಬರೀ ಭಾರ.

ಅಪಾಯ ದಂಡದ್ದಷ್ಟೇ ಅಲ್ಲ. ಅನುಮತಿಯಿಲ್ಲದೆ ಜಾಮರ್ ಇಟ್ಟುಕೊಳ್ಳುವುದೇ ನಮ್ಮ ದೇಶದಲ್ಲಿ ಅಪರಾಧ. ಪಕ್ಕದ ಕಾರಿನಲ್ಲಿ ಹಿಂಬದಿಯ ವಾಹನವನ್ನು ಗುರುತಿಸುವ ಸೆನ್ಸರ್ ಕೂಡ 24 ಗಿಗಾಹರ್ಟ್ಸ್‌ನದೇ ಆಗಿರಬಹುದು. ನಿಮ್ಮ ಪೆಟ್ಟಿಗೆ ಅದನ್ನು ಕುರುಡಾಗಿಸಿದರೆ ಆ ಚಾಲಕನಿಗೆ ತಿಳಿಯುವುದಾದರೂ ಹೇಗೆ?

ಇನ್ನು ಎರಡು ಕಡೆ ನಂಬರ್ ಪ್ಲೇಟಿನ ಚಿತ್ರ ಹಿಡಿದು, ನಡುವಿನ ದೂರವನ್ನು ಹಿಡಿದ ಸಮಯದಿಂದ ಭಾಗಿಸುವ ಕ್ಯಾಮೆರಾಗಳೂ ಬಂದಿವೆ. ಅಲ್ಲಿ ಕೆಡಿಸಲು ರೇಡಾರ್ ಅಲೆಯೇ ಇಲ್ಲ.