ತಾರಾಮಂಡಲ ಪೇಟೆಯ ಕಬ್ಬಿಣದ ಕೊಳವೆಗಳು

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಗದ್ದಲದ ನಡುವೆ ತಾರಾಮಂಡಲ ಪೇಟೆ ಎಂಬ ಹೆಸರು ಇನ್ನೂ ಉಳಿದಿದೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಮೈಸೂರು ಸೇನೆಗೆ ರಾಕೆಟ್ಟು ತಯಾರಿಸುತ್ತಿದ್ದ ಜಾಗಗಳಲ್ಲಿ ಇದೂ ಒಂದು.

ಬಾಣಬಿರುಸು ಹಲವು ದೇಶಗಳಿಗೆ ಗೊತ್ತಿದ್ದ ವಿದ್ಯೆ. ಮೈಸೂರಿನವರ ಹೆಚ್ಚುಗಾರಿಕೆ ಇದ್ದದ್ದು ಕೊಳವೆಯಲ್ಲಿ. ಕಾಗದದ ಕೊಳವೆಗೆ ಮದ್ದನ್ನು ಗಟ್ಟಿಯಾಗಿ ಜಡಿದರೆ ಒತ್ತಡ ತಾಳದೆ ಒಡೆದುಹೋಗುತ್ತದೆ. ಇಲ್ಲಿನ ಕಮ್ಮಾರರು ಮೆದು ಕಬ್ಬಿಣವನ್ನು ಬಡಿದು ಕೊಳವೆ ಮಾಡಿ, ಒಂದು ತುದಿ ಮುಚ್ಚಿದರು. ಮದ್ದು ಹೆಚ್ಚು ಹಿಡಿಯಿತು, ಬಾಣ ಒಂದು ಕಿಲೋಮೀಟರಿನ ಹತ್ತಿರಕ್ಕೆ ಹಾರಿತು. ಇಂಗ್ಲೆಂಡಿನ ವುಲಿಚ್ ಸಂಗ್ರಹ ಸೇರಿದ ಒಂದು ರಾಕೆಟ್ಟಿನ ಕೊಳವೆ 58 ಮಿ.ಮೀ. ದಪ್ಪ, 254 ಮಿ.ಮೀ. ಉದ್ದ, ಚರ್ಮದ ಪಟ್ಟಿಗಳಿಂದ ಅದನ್ನು ಮೀಟರುದ್ದದ ಕತ್ತಿಯ ಅಲಗಿಗೆ ಬಿಗಿದಿದ್ದಾರೆ. ಸಾಮಾನ್ಯವಾಗಿ ಬಾಣಕ್ಕೆ ಬಿದಿರಿನ ಕೋಲು ಇರುವ ಜಾಗದಲ್ಲಿ ಕತ್ತಿ! ಆ ಬಿಗಿತದಲ್ಲಿ ಕಮ್ಮಾರ, ಚಮ್ಮಾರ ಇಬ್ಬರ ಕೈಗಳೂ ಕಾಣುತ್ತವೆ.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ಕಾಳಗದಲ್ಲಿ ಬ್ರಿಟಿಷರ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸಿಡಿದವು, ಈ ರಾಕೆಟ್ಟುಗಳು ತಗುಲಿಯೇ ಎನ್ನುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ ಆ ಸ್ಫೋಟದ ಚಿತ್ರವಿದೆ.

ಇಳಿಗಾಲವೂ ಬೇಗನೆ ಬಂತು. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆ, 21ರಂದು ಕೋಟೆ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ವಶವಾದವು. 1799ರ ಮೇ 4ರಂದು ಶ್ರೀರಂಗಪಟ್ಟಣವೂ ಬಿದ್ದ ಮೇಲೆ ಈ ಬಾಣಗಳನ್ನು ಕೊಳ್ಳುವ ದೊರೆಯೇ ಇಲ್ಲವಾದ. ಮಾದರಿಗಳು ಇಂಗ್ಲೆಂಡ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಅಳೆದ, ತಿದ್ದಿದ, ಪುಸ್ತಕ ಬರೆದ. 1807ರಲ್ಲಿ ಅವನ ರಾಕೆಟ್ಟುಗಳು ಕೋಪನ್‌ಹೇಗನ್ ನಗರವನ್ನು ಸುಟ್ಟವು. ಕಾಂಗ್ರೀವನ ಹೆಸರು ಜಗತ್ತಿಗೆ ಗೊತ್ತು. ಕೊಳವೆ ಬಡಿದ ನಮ್ಮವರಲ್ಲಿ ಒಬ್ಬರ ಹೆಸರೂ ಜನಕ್ಕೆ ತಿಳಿಯದು. ಇದು ನನಗೆ ನುಂಗಲಾರದ ಸಂಗತಿ. ಬೆಂಗಳೂರಿನವರೇ ಆದ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಅಕ್ಕಪಕ್ಕ ಇಟ್ಟು ಬರೆದದ್ದರಿಂದ ಆ ಅಜ್ಞಾತ ಕಸುಬುದಾರರಿಗೆ ಸ್ವಲ್ಪವಾದರೂ ನ್ಯಾಯ ಸಿಕ್ಕಿತು.

ಆ ಕಾಲದ ಕುರುಹುಗಳು ಈಚೆಗೂ ನೆಲದಿಂದ ಎದ್ದಿವೆ. 2012ರಲ್ಲಿ ಮೆಟ್ರೊಗಾಗಿ ಬೆಂಗಳೂರು ಕೋಟೆಯ ಬಳಿ ಅಗೆದಾಗ ಎರಡು ಫಿರಂಗಿಗಳು ಮೇಲೆದ್ದವು. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಬಂದವು. ಕೆಸರಿನಲ್ಲಿ ಇನ್ನೂ ಮದ್ದಿನ ವಾಸನೆ ಇತ್ತಂತೆ. ಅವುಗಳಲ್ಲಿ ಒಂದೆರಡನ್ನು ಬೆಂಗಳೂರು ಕೋಟೆಯಲ್ಲೂ ಇಡಬೇಕು, ಕಬ್ಬಿಣ ಕೊಳವೆಯಾದ ಬಗೆಯನ್ನು ಪಕ್ಕದಲ್ಲೇ ಕನ್ನಡದಲ್ಲಿ ಬರೆದು. ಮಾರ್ಕೆಟ್ಟಿಗೆ ಹೂವು ಕೊಳ್ಳಲು ಬಂದವರೂ ನಾಲ್ಕು ಹೆಜ್ಜೆ ನಡೆದು ಹೋಗಿ ನೋಡಬಹುದು.