ಮೂರು ಲಕ್ಷ ಸಂಬಳ, ಮಗಳ ಕಾಲೇಜಿಗೆ ಮಾತ್ರ ದುಡ್ಡಿಲ್ಲ!

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ನೆರೆಮನೆಯವರು ಸಿಕ್ಕಿದ್ರು. ಗಂಡ-ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಇಬ್ಬರದೂ ಸೇರಿ ತಿಂಗಳಿಗೆ 3 ಲಕ್ಷ ಕೈಗೆ ಬರುತ್ತೆ. ಮಗಳಿಗೆ 13 ವರ್ಷ. "ಸರ್, ಇನ್ನೈದು ವರ್ಷಕ್ಕೆ ಇವಳು ಕಾಲೇಜು. ಅದಕ್ಕೆ ಅಂತ ಒಂದು ರೂಪಾಯಿ ಎತ್ತಿಟ್ಟಿಲ್ಲ" ಅಂದ್ರು.

ನಗಬೇಡಿ ವೀಕ್ಷಕರೇ. ಫ್ಲ್ಯಾಟಿನ ಇಎಂಐ, ಕಾರಿನ ಇಎಂಐ, ಇಂಟರ್‌ನ್ಯಾಷನಲ್ ಸ್ಕೂಲಿನ ಫೀಸು, ಊರಲ್ಲಿರೋ ಅಪ್ಪ-ಅಮ್ಮನ ಔಷಧಿ... ತಿಂಗಳ ಕೊನೆಗೆ ಉಳಿಯೋದು ಕ್ರೆಡಿಟ್ ಕಾರ್ಡ್ ಬಿಲ್ಲು ಮಾತ್ರ. ರಿಯಾಯಿತಿಯೂ ಇವರಿಗಿಲ್ಲ. 2016ರಲ್ಲಿ ಐಐಟಿಗಳ ಬಿ.ಟೆಕ್ ಬೋಧನಾ ಶುಲ್ಕ ವರ್ಷಕ್ಕೆ 90 ಸಾವಿರದಿಂದ 2 ಲಕ್ಷಕ್ಕೆ ಏರಿತು. ಕುಟುಂಬದ ವಾರ್ಷಿಕ ಆದಾಯ 1 ಲಕ್ಷದೊಳಗಿದ್ರೆ ಪೂರ್ತಿ ಮನ್ನಾ, 5 ಲಕ್ಷದೊಳಗಿದ್ರೆ ಮೂರರಲ್ಲಿ ಎರಡು ಪಾಲು ಮನ್ನಾ ಅಂತಲೂ ಆಯ್ತು. ನ್ಯಾಯವಾಗೇ ಇದೆ, ನನ್ನ ತಕರಾರಿಲ್ಲ. ಆದ್ರೆ ಇವರು ಪೂರ್ತಿ ಕಟ್ಟಬೇಕು. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಾದ್ರಂತೂ ಕೇಳೋದೇ ಬೇಡ.

ನಾನು ಇಂಜಿನಿಯರಿಂಗ್ ಓದಿ ಆ್ಯಂಕರ್ ಆದವನು. ಕ್ಯಾಲ್ಕುಲೇಟರ್ ಚಟ ಇನ್ನೂ ಬಿಟ್ಟಿಲ್ಲ. ಇವತ್ತು 10 ಲಕ್ಷ ಬೀಳೋ ಕೋರ್ಸು ವರ್ಷಕ್ಕೆ ಶೇ.10ರಂತೆ ಏರಿದ್ರೆ 15 ವರ್ಷಕ್ಕೆ ಸುಮಾರು 42 ಲಕ್ಷ ಆಗುತ್ತೆ. ಮಗುವಿಗೆ 3 ವರ್ಷ ಇದ್ದಾಗಲೇ ತಿಂಗಳಿಗೆ 10 ಸಾವಿರದ ಎಸ್‌ಐಪಿ ಶುರು ಮಾಡಿ, ಅದೂ ಶೇ.10ರಂತೆ ಬೆಳೆದ್ರೆ ಹೆಚ್ಚುಕಮ್ಮಿ ಅಷ್ಟೇ ದುಡ್ಡು ಸೇರುತ್ತೆ. ಅದೇ 42 ಲಕ್ಷಕ್ಕೆ 13ನೇ ವಯಸ್ಸಲ್ಲಿ ಶುರು ಮಾಡಿದ್ರೆ? ತಿಂಗಳಿಗೆ 53 ಸಾವಿರಕ್ಕೂ ಹೆಚ್ಚು! ಮಾರುಕಟ್ಟೆ ಶೇ.10 ಕೊಟ್ಟೇ ಕೊಡುತ್ತೆ ಅಂತ ಗ್ಯಾರಂಟಿ ಇಲ್ಲ ಅನ್ನೋದೂ ನೆನಪಿರಲಿ. ಅದಕ್ಕೇ ಕಾಲೇಜು ಹತ್ತಿರ ಬರ್ತಿದ್ದ ಹಾಗೆ ಆ ದುಡ್ಡನ್ನ ಎಫ್‌ಡಿಗೆ ಹಾಕ್ತಾ ಬರಬೇಕು. ಸುಕನ್ಯಾ ಸಮೃದ್ಧಿ ಇದೆಯಲ್ಲ ಅಂತೀರಾ? ಆ ಖಾತೆ ತೆಗೆಯೋಕೆ ಹುಡುಗಿಗೆ 10 ವರ್ಷ ದಾಟಿರಬಾರದು. ವರ್ಷಕ್ಕೆ ಕಟ್ಟಬಹುದಾದ್ದೂ ಒಂದೂವರೆ ಲಕ್ಷವೇ. ನೆರೆಮನೆಯವರು ಆ ಬಸ್ಸನ್ನೂ ತಪ್ಪಿಸ್ಕೊಂಡಿದ್ದಾರೆ.

"ಪಿಎಫ್ ತೆಗೆದುಬಿಡೋಣ ಅಂತಿದ್ದೀನಿ ಸರ್" ಅಂದ್ರು. ಬೇಡ ಅಂದೆ. ಓದಿಗೆ ಬ್ಯಾಂಕು ಸಾಲ ಕೊಡುತ್ತೆ, ರಿಟೈರ್ ಆದ್ಮೇಲೆ ಮನೆ ಖರ್ಚಿಗೆ ಯಾರು ಕೊಡ್ತಾರೆ? ನಮ್ಮ ಮಧ್ಯಮ ವರ್ಗಕ್ಕೆ ಫ್ಲ್ಯಾಟಿನ ಸಾಲ ಅಂದ್ರೆ ಹೆಮ್ಮೆ, ಮಗಳ ಓದಿನ ಸಾಲ ಅಂದ್ರೆ ಅವಮಾನ. ಇದ್ಯಾವ ಲೆಕ್ಕ? ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಶುರು. ಸಂಬಳ ಬರೋ ಅಪ್ಪ-ಅಮ್ಮ ಬಡ್ಡಿಯನ್ನ ಓದುವಾಗಲೇ ಕಟ್ಟುತ್ತಾ ಹೋದ್ರೆ ಅಸಲು ಉಬ್ಬೋದಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರೋರಿಗೆ ಆ ಬಡ್ಡಿಗೆ 8 ವರ್ಷದವರೆಗೆ ವಿನಾಯಿತಿಯೂ ಸಿಗುತ್ತೆ.

ನಾನು ಇಷ್ಟು ಖಡಕ್ಕಾಗಿ ಹೇಳೋಕೆ ಕಾರಣ ಇದೆ. ನನ್ನ ಅಪ್ಪ ಪಿಎಫ್ ತೆಗೆದು ನನ್ನ ಫೀಸು ಕಟ್ಟಿದ್ರು. ಈಗ ಅವರ ಖರ್ಚು ನಾನು ನೋಡ್ಕೋತೀನಿ, ನನಗದು ಭಾರ ಅಲ್ಲ. ಆದ್ರೆ ಮಾತ್ರೆ ಮುಗಿದ ವಿಷಯ ಅವರು ನನಗೆ ಹೇಳೋದಿಲ್ಲ, ಅಮ್ಮನ ಕೈಲಿ ಹೇಳಿಸ್ತಾರೆ.

ಕಳೆದ ವಾರ ಅದೇ ಲಿಫ್ಟಲ್ಲಿ ನೆರೆಮನೆಯವರು ಮತ್ತೆ ಸಿಕ್ಕಿದ್ರು. ಎರಡನೇ ಕಾರು ಮಾರಿದ್ರಂತೆ. ತಿಂಗಳಿಗೆ 25 ಸಾವಿರ ಕಟ್ಟೋಕೆ ಶುರು ಮಾಡಿದ್ದಾರೆ, ಉಳಿದದ್ದಕ್ಕೆ ಸಾಲ. "ಮಗಳಿಗೂ ಲೆಕ್ಕ ತೋರಿಸಿದ್ವಿ ಸರ್. ಸಾಲ ನನ್ನ ಹೆಸರಲ್ಲೇ ಇರಲಿ ಅಂದ್ಲು."