ಬೂಮ್‌ನ ಆಸರೆ ಮತ್ತು ಮೈನ್‌ಶೀಟ್: ನಂಬಿಕೆ ಮತ್ತು ವಾಸ್ತವ

ದೂರಯಾನದ ಹಾಯಿದೋಣಿಯಲ್ಲಿ ಮುಖ್ಯ ಹಾಯಿಯ ಕೆಳ ಅಂಚನ್ನು ಹಿಡಿದಿಡುವ ಅಡ್ಡದಂಡವೇ ಬೂಮ್. ಅದರ ಮುಂತುದಿ ಕೂವೆಮರಕ್ಕೆ ಕೀಲಿನಿಂದ ಸೇರಿರುತ್ತದೆ, ಹಿಂತುದಿ ಎಡಬಲಕ್ಕೂ ಮೇಲೆ ಕೆಳಕ್ಕೂ ಆಡುತ್ತದೆ. ಅದನ್ನು ಒಳಕ್ಕೂ ಕೆಳಕ್ಕೂ ಎಳೆದು ಹಿಡಿಯುವ ಹಗ್ಗ ಮೈನ್‌ಶೀಟ್. ಹಾಯಿ ಇಳಿಸಿದಾಗ ಬೂಮ್ ಬೀಳದಂತೆ ತಡೆಯುವ ಆಸರೆಗಳು ಮುಖ್ಯವಾಗಿ ಎರಡು. ಕೂವೆಯ ತುದಿಯಿಂದ ಬೂಮ್‌ನ ಹಿಂತುದಿಗೆ ಇಳಿಯುವ ಹಗ್ಗ ಟಾಪಿಂಗ್ ಲಿಫ್ಟ್. ಕೂವೆಯ ಬುಡದಿಂದ ಓರೆಯಾಗಿ ಮೇಲೇರುವ, ಒಳಗೆ ಸ್ಪ್ರಿಂಗ್ ಅಥವಾ ಅನಿಲದ ಒತ್ತಡವಿರುವ ಆಸರೆದಂಡ ರಿಜಿಡ್ ವ್ಯಾಂಗ್. ಇವನ್ನು ಬದಲಿಸುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಭಾಗದ ಗಟ್ಟಿತನವನ್ನಷ್ಟೇ ನೋಡಿ, ಬಲ ಎಲ್ಲಿ ಬೀಳುತ್ತದೆ ಎಂಬುದನ್ನು ಮರೆಯುವುದರಿಂದ ಹುಟ್ಟುತ್ತವೆ.

ಮೈನ್‌ಶೀಟನ್ನು ಬೂಮ್‌ನ ತುದಿಯಿಂದ ನಡುವಿಗೆ ಸರಿಸಿ, ಅದರ ಕೆಳತುದಿಯನ್ನು ಕ್ಯಾಬಿನ್ನಿನ ಮಾಡಿನ ಮೇಲೆ ಕಟ್ಟುವುದು ಕೇವಲ ಅನುಕೂಲದ ಮಾತು ಎಂಬ ನಂಬಿಕೆ ಬಹಳ ವ್ಯಾಪಕ. ಲೆಕ್ಕ ಬೇರೆಯನ್ನೇ ಹೇಳುತ್ತದೆ. ಬೂಮ್ 4 ಮೀಟರ್ ಉದ್ದವಿದ್ದು, ತುದಿಯಲ್ಲಿ 300 ಕಿಲೋ ಎಳೆತ ಸಾಕಾಗುತ್ತಿದ್ದರೆ, ನಡುವಿನಲ್ಲಿ ಅದೇ ಕೆಲಸಕ್ಕೆ 600 ಕಿಲೋ ಬೇಕು. ಇನ್ನೂ ಮುಖ್ಯವಾದದ್ದು ಬಾಗುವಿಕೆ. ಶೀಟ್ ತುದಿಯಲ್ಲಿದ್ದಾಗ ಹಾಯಿಯ ಹಿಂಬದಿ ಅಂಚು ಮೇಲಕ್ಕೆ ಎಳೆಯುವ ಬಲವನ್ನು ಅದು ಅಲ್ಲೇ ಎದುರಿಸುತ್ತದೆ. ಬೂಮ್ ಹೆಚ್ಚು ಬಾಗಬೇಕಿಲ್ಲ. ಶೀಟ್ ನಡುವಿಗೆ ಬಂದರೆ ಹಾಯಿ ತುದಿಯನ್ನು ಮೇಲಕ್ಕೂ ಶೀಟ್ ನಡುವನ್ನು ಕೆಳಕ್ಕೂ ಎಳೆದು, ಬಾಗುವ ಒತ್ತಡವೆಲ್ಲ ಶೀಟ್ ಕಟ್ಟಿದ ಜಾಗದಲ್ಲೇ ಸೇರುತ್ತದೆ. ಹೊಸ ಕೊಂಡಿಗಾಗಿ ರಂಧ್ರ ಕೊರೆಯುವುದೂ ಸಾಮಾನ್ಯವಾಗಿ ಅಲ್ಲೇ. 1960-70ರ ದಶಕಗಳ ಅನೇಕ ದೋಣಿಗಳಲ್ಲಿ ಬೂಮನ್ನೇ ತಿರುಗಿಸಿ ಹಾಯಿಯನ್ನು ಸುತ್ತಿ ಕಿರಿದುಗೊಳಿಸುತ್ತಿದ್ದರು; ಹಾಗಾಗಿ ಶೀಟ್ ತುದಿಯಲ್ಲೇ ಇರಬೇಕಿತ್ತು. ಅಂಥ ಬೂಮ್‌ನ ನಡುವಿಗೆ ಶೀಟ್ ಕಟ್ಟುವ ಮುನ್ನ ಅದರ ಗಾತ್ರ ಮತ್ತು ಗೋಡೆಯ ದಪ್ಪ ಸಾಲುತ್ತದೆಯೇ ಎಂದು ನೋಡಲೇಬೇಕು. ಎಳೆತವನ್ನು ಎರಡು ಮೂರು ಕಡೆ ಹಂಚುವುದು, ರಂಧ್ರದ ಬದಲು ಬೂಮನ್ನು ಸುತ್ತುವ ಪಟ್ಟಿ ಬಳಸುವುದು ಉತ್ತಮ.

ರಾಟೆಗಳನ್ನು ಹೆಚ್ಚಿಸಿದರೆ ಈ ತೊಂದರೆ ನೀಗುತ್ತದೆ ಎಂಬುದೂ ತಪ್ಪು. ನಾಲ್ಕು ಪಟ್ಟಿನ ಜೋಡಣೆ ಕೈಯ ಶ್ರಮವನ್ನು ಇಳಿಸುತ್ತದೆ, ಬೂಮ್ ಮತ್ತು ಮಾಡಿನ ಮೇಲಿನ ಹೊರೆಯನ್ನಲ್ಲ. ಪ್ರತಿ ರಾಟೆಯೂ ಘರ್ಷಣೆ ಸೇರಿಸುವುದರಿಂದ ಮಂದಗಾಳಿಯಲ್ಲಿ ಹಗ್ಗ ಸಲೀಸಾಗಿ ಹೊರಗೆ ಓಡುವುದಿಲ್ಲ.

ರಿಜಿಡ್ ವ್ಯಾಂಗ್ ಇದ್ದರೆ ಟಾಪಿಂಗ್ ಲಿಫ್ಟ್ ಬೇಡ ಎನ್ನುವವರು ಸನ್ನೆಯ ನಿಯಮವನ್ನು ಮರೆಯುತ್ತಾರೆ. ವ್ಯಾಂಗ್ ಬೂಮ್‌ಗೆ ತಾಗುವುದು ಕೀಲಿನಿಂದ ಕಾಲುಭಾಗ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಎಂದಿಟ್ಟುಕೊಂಡರೆ, 75 ಕಿಲೋ ತೂಕದ ವ್ಯಕ್ತಿ ಬೂಮ್‌ನ ತುದಿಗೆ ಜೋತುಬಿದ್ದಾಗ ಅದು 400 ಕಿಲೋಗಿಂತ ಹೆಚ್ಚು ಒತ್ತಡ ತಾಳಬೇಕು. ತೂಗಾಡುವ ದೋಣಿಯಲ್ಲಿ ಹಾಯಿ ಕಟ್ಟುವವರು ಬೂಮ್‌ಗೆ ಒರಗುವುದು ಸಹಜ. ಟಾಪಿಂಗ್ ಲಿಫ್ಟ್ ಹಾಯಿಯ ಅಂಚನ್ನು ಉಜ್ಜಿ ಸವೆಸುತ್ತದೆ ಎಂಬ ದೂರು ನಿಜ. ಆದರೆ ಹಗುರವಾದ ಡೈನೀಮಾ ಹಗ್ಗ ಹಾಕಿ, ಸಡಿಲವಾದ ಭಾಗವನ್ನು ರಬ್ಬರ್ ಹುರಿಯಿಂದ ಎಳೆದಿಟ್ಟರೆ ಸವೆತ ಬಹಳ ತಗ್ಗುತ್ತದೆ. ತಕ್ಕಷ್ಟು ದಪ್ಪವಿದ್ದರೆ, ಮುಖ್ಯ ಹಾಯಿ ಎತ್ತುವ ಹಗ್ಗ ತುಂಡಾದಾಗ ಇದೇ ಬದಲಿಯೂ ಆಗುತ್ತದೆ. ಬೂಮನ್ನು ಕೂರಿಸುವ ಸ್ಥಿರ ಚೌಕಟ್ಟನ್ನು, ಅಂದರೆ ಗ್ಯಾಲೋಸನ್ನು, ಹಳೆಯ ಕಾಲದ್ದೆಂದು ಕಿತ್ತೊಗೆಯುವುದೂ ಅವಸರದ ತೀರ್ಮಾನ. ಬೂಮ್ ತೂಗಾಡದಂತೆ ಹಿಡಿಯುವುದರ ಜೊತೆಗೆ ಅದು ಒಳ್ಳೆಯ ಕೈಹಿಡಿಕೆ ಕೂಡ.

ಗಾಳಿ ಹಿಂದಿನಿಂದ ಬೀಸುವಾಗ ಬೂಮ್ ಫಕ್ಕನೆ ಮಗ್ಗುಲು ಬದಲಿಸದಂತೆ ತಡೆಯುವ ಹಗ್ಗವನ್ನು, ಅಂದರೆ ಪ್ರಿವೆಂಟರನ್ನು, ಬೂಮ್‌ನ ನಡುವಿನಿಂದ ಪಕ್ಕದ ಅಂಚಿಗೆ ಕಟ್ಟಿದರೆ ಸಾಕು ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯಕಾರಿ. ದೋಣಿ ವಾಲಿ ಬೂಮ್‌ನ ತುದಿ ಅಲೆಗೆ ಸಿಕ್ಕರೆ, ನಡುವಿನಲ್ಲಿ ಹಿಡಿದ ಬೂಮ್ ಅಲ್ಲೇ ಮುರಿಯಬಹುದು. ಪ್ರಿವೆಂಟರ್ ಬೂಮ್‌ನ ತುದಿಯಿಂದ ದೋಣಿಯ ಮುಂತುದಿಗೆ ಹೋಗಿ, ಅಲ್ಲಿಂದ ಚುಕ್ಕಾಣಿಯ ಬಳಿಗೆ ಮರಳಬೇಕು. ಆಗ ಕೂತಲ್ಲಿಂದಲೇ ಅದನ್ನು ಬಿಡಬಹುದು. ತಲೆಗೆ ಬಡಿಯುವುದು ಬೂಮ್ ಮಾತ್ರ ಎಂದುಕೊಳ್ಳುವಂತಿಲ್ಲ. 2015ರ ಸೆಪ್ಟೆಂಬರಿನಲ್ಲಿ, ಪೋರ್ಚುಗಲ್ ಕರಾವಳಿಯಾಚೆ, ಪ್ರಪಂಚ ಸುತ್ತುವ ಪಂದ್ಯದ ದೋಣಿಯೊಂದರಲ್ಲಿ ಬೂಮ್ ಅನಿರೀಕ್ಷಿತವಾಗಿ ಮಗ್ಗುಲು ಬದಲಿಸಿದಾಗ ಮೈನ್‌ಶೀಟ್ ಬಡಿದು ನಾವಿಕರೊಬ್ಬರು ಸತ್ತರು. ಶೀಟನ್ನು ಜನ ಕೂರುವ ಜಾಗದಿಂದ ದೂರ ಸರಿಸುವುದರ ನಿಜವಾದ ಲಾಭ ಇಲ್ಲಿದೆ. ಅದಕ್ಕಾಗಿ ಗಟ್ಟಿಯಾದ ಬೂಮ್‌ನ ಖರ್ಚನ್ನು ಹೊರುವುದು ಸರಿಯೇ.

ದಪ್ಪ ಬೋಲ್ಟ್ ಹಾಕಿದರೆ ಮಾಡು ಹೊರೆ ತಾಳುತ್ತದೆ ಎಂಬ ಭರವಸೆಯೂ ಸಾಲದು. ಫೈಬರ್ ದೋಣಿಗಳ ಮಾಡಿನಲ್ಲಿ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರ ಇರುವುದುಂಟು. ರಂಧ್ರದಿಂದ ನೀರು ಇಳಿದರೆ ಆ ಮರ ಕೊಳೆಯುತ್ತದೆ, ಬೋಲ್ಟ್ ಬಿಗಿದಾಗ ಪದರಗಳು ಜಜ್ಜಿಹೋಗುತ್ತವೆ. ರಂಧ್ರದ ಸುತ್ತಲಿನ ಮರವನ್ನು ಕೆರೆದು ತೆಗೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಕೊರೆದು, ಒಳಗಿನಿಂದ ಅಗಲವಾದ ಲೋಹದ ತಟ್ಟೆ ಕೊಟ್ಟು ಬೋಲ್ಟ್ ಬಿಗಿಯಬೇಕು. ಅಲ್ಯೂಮಿನಿಯಂ ಬೂಮ್‌ಗೆ ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿ ಹಾಕುವಾಗ ನಡುವೆ ನಿರೋಧಕ ಲೇಪ ಹಚ್ಚಬೇಕು. ಇಲ್ಲದಿದ್ದರೆ ಉಪ್ಪುನೀರಿನಲ್ಲಿ ಈ ಎರಡು ಲೋಹಗಳು ತಾಗಿದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ.